ಶಿಬಿರದ ಮರುದಿನ: ಹೈದರಾಬಾದಿಗೆ ವೈದ್ಯಕೀಯ ಸೇವೆಗೆ ಬರುವ ಕನ್ನಡ ಸಭೆಗಳ ತಂಡಗಳಿಗೆ ಒಂದು ಬಹಿರಂಗ ಪತ್ರ



ಬೀದರ್, ಕಲಬುರಗಿ, ರಾಯಚೂರು, ಬೆಂಗಳೂರಿನ ಸಭೆಗಳಿಂದ ವೈದ್ಯರನ್ನೂ ನರ್ಸುಗಳನ್ನೂ ಯುವಜನರನ್ನೂ ಕೂಡಿಸಿಕೊಂಡು ಹೈದರಾಬಾದಿನ ಬಡ ಬಸ್ತಿಗಳಿಗೆ ಸೇವೆಗೆಂದು ಬರುವ ನಿಮಗೆಲ್ಲ ಈ ಪತ್ರ. ನಾನು ಬೀದರ್ ಜಿಲ್ಲೆಯವಳು, ನರ್ಸ್. ಮದುವೆಯಾಗಿ ಈ ಊರಿಗೆ ಬಂದವಳು ಇಲ್ಲೇ ನೆಲೆ ನಿಂತಿದ್ದೇನೆ. ನೀವು ಬಂದಾಗ ನಿಮ್ಮ ಪಕ್ಕದಲ್ಲಿ ಕೂತು ಬಿ.ಪಿ. ನೋಡುತ್ತೇನೆ, ಹೆಸರು ಬರೆದುಕೊಳ್ಳುತ್ತೇನೆ, ತೆಲುಗು, ಕನ್ನಡ, ದಖನಿ ಮೂರರ ನಡುವೆ ಮಾತು ದಾಟಿಸುತ್ತೇನೆ. ನಿಮ್ಮ ಬಸ್ಸು ಹೊರಟ ಮೇಲೆ ಅದೇ ಬಸ್ತಿಗೆ ಮತ್ತೆ ಹೋಗುವವಳೂ ನಾನೇ. ಅಲ್ಲಿ ಕಂಡದ್ದನ್ನು ನಿಮ್ಮೆದುರು ಇಡಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು.

ನಿಮ್ಮ ಸೇವೆಯ ಬಗ್ಗೆ ನನಗೆ ಅನುಮಾನವಿಲ್ಲ. ರಜೆ ಹಾಕಿ, ಕೈಯಿಂದ ಖರ್ಚು ಮಾಡಿ, ಬಿಸಿಲಲ್ಲಿ ತಗಡಿನ ಕೆಳಗೆ ಇಡೀ ದಿನ ಕೂತು ಇನ್ನೊಬ್ಬರ ಕೆಮ್ಮು ಕೇಳುವುದು ಸಣ್ಣ ಮಾತಲ್ಲ. ಆದರೆ ನಾವು ಎಷ್ಟು ಜನರನ್ನು ನೋಡಿದೆವು ಎಂದು ಲೆಕ್ಕ ಹಾಕುತ್ತೇವೆ, ಅವರಲ್ಲಿ ಎಷ್ಟು ಜನರ ಚಿಕಿತ್ಸೆ ಮುಂದುವರಿಯಿತು ಎಂದು ಕೇಳುವುದಿಲ್ಲ. ಆ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಬೇರೆ ಯಾವ ತಂಡಕ್ಕಿಂತ ಕನ್ನಡ ತಂಡಗಳಿಗೇ ಹೆಚ್ಚಾಗಿದೆ. ಅದನ್ನು ಹೇಳಲಿಕ್ಕೇ ಈ ಪತ್ರ.

ಮೊದಲು ಇಲ್ಲಿನ ಜನರ ಮಾತು. ಗಚ್ಚಿಬೌಲಿ, ನಾನಕ್‌ರಾಮ್‌ಗುಡ, ಕೋಕಾಪೇಟ್, ನಾರ್ಸಿಂಗಿ ಕಡೆ ಏಳುತ್ತಿರುವ ಗಗನಚುಂಬಿ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳ ಸಾಲುಗಳಿವೆ. ಅಲ್ಲಿ ಒಡಿಶಾ, ಬಿಹಾರದವರ ಜೊತೆ ನಮ್ಮವರೂ ಇದ್ದಾರೆ: ಯಾದಗಿರಿಯ ಸೆಂಟ್ರಿಂಗ್ ಕೆಲಸದವರು, ಕಲಬುರಗಿಯ ಗಾರೆಯವರು, ಬೀದರಿನ ಇಟ್ಟಿಗೆ ಹೊರುವ ಹೆಣ್ಣುಮಕ್ಕಳು. ಬೀದರ್, ಕಲಬುರಗಿ, ರಾಯಚೂರು ಸೀಮೆಯೆಲ್ಲ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮ ಬೀದರಿಗೆ ಇಂದಿಗೂ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಮಳೆ ಕೈಕೊಟ್ಟರೆ ಬಸ್ ಹತ್ತುವುದು ಈ ಕಡೆಗೇ. ಇವರು ಇಲ್ಲಿ ಪೂರಾ ನೆಲೆಸುವುದೂ ಇಲ್ಲ. ಯುಗಾದಿಗೆ, ಮೊಹರಂಗೆ, ಊರ ಜಾತ್ರೆಗೆ, ತೊಗರಿ ರಾಶಿಗೆ ವಾಪಸ್ ಹೋಗುತ್ತಾರೆ, ಮತ್ತೆ ಬರುತ್ತಾರೆ. ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ರೋಗವೂ ಅವರ ಜೊತೆಗೇ ಹೋಗಿ ಬರುತ್ತದೆ. ಚಿಕಿತ್ಸೆ ಮಾತ್ರ ನಡುದಾರಿಯಲ್ಲಿ ಕಡಿದುಹೋಗುತ್ತದೆ.

ಹೇಗೆ ಕಡಿಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಒಂದು ಶಿಬಿರ ಮುಗಿದ ಮೇಲೆ ನಾನು ಬಸ್ತಿಗೆ ಹೋದಾಗ, ನಡುವಯಸ್ಸು ದಾಟಿದ ಒಬ್ಬ ತಾಯಿ ಶೆಡ್ಡಿನ ಮೊಳೆಗೆ ತೂಗುಹಾಕಿದ್ದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಇಳಿಸಿ ನನ್ನ ಮುಂದೆ ಸುರಿದರು. ಬೇರೆ ಬೇರೆ ತಂಡಗಳು ಬೇರೆ ಬೇರೆ ಸಲ ಕೊಟ್ಟ ಮಾತ್ರೆಗಳು. ಒಂದು ಪಟ್ಟಿ ನೀಲಿ, ಒಂದು ಬೆಳ್ಳಿ ಬಣ್ಣದ್ದು, ಒಂದು ಕತ್ತರಿಸಿದ ಅರ್ಧ ಪಟ್ಟಿ. "ಎಲ್ಲಾ ಡಾಕ್ಟರೂ ಛಲೋನೇ ಅದಾರ್ರಿ ಅಕ್ಕಾ, ಎಲ್ಲಾರೂ ಕೊಟ್ಟಾರ. ಯಾವ್ದು ನುಂಗ್ಲಿ ಹೇಳ್ರಿ" ಎಂದರು. ಹಿಂದೆ ತಿರುಗಿಸಿ ಓದಿದೆ. ಮೂರೂ ಆಮ್ಲೋಡಿಪಿನ್, ಅಂದರೆ ಒಂದೇ ಬಿ.ಪಿ. ಔಷಧ, ಕಂಪನಿಯ ಹೆಸರು ಮಾತ್ರ ಬೇರೆ. ತಲೆ ತಿರುಗಿದ ದಿನ ಮೂರನ್ನೂ ನುಂಗುತ್ತಿದ್ದರು, ಆರಾಮ ಅನ್ನಿಸಿದ ದಿನ ಒಂದನ್ನೂ ಮುಟ್ಟುತ್ತಿರಲಿಲ್ಲ. ಅದೇ ಚೀಲದ ತಳದಲ್ಲಿ ಮೈಕೈ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಮಾತ್ರೆಗಳೂ ಇದ್ದವು. ಬಿ.ಪಿ. ಇರುವವರು ಅದನ್ನು ದಿನವೂ ನುಂಗಿದರೆ ಬಿ.ಪಿ. ಇನ್ನಷ್ಟು ಏರುತ್ತದೆ, ಮೂತ್ರಪಿಂಡಕ್ಕೂ ಹೊಟ್ಟೆಗೂ ಪೆಟ್ಟು.

ಅವರಿಗೆ ಔಷಧ ಕೊಟ್ಟ ಯಾರೂ ಕೆಟ್ಟವರಲ್ಲ, ಯಾವ ಮಾತ್ರೆಯೂ ನಕಲಿಯಲ್ಲ. ಬಿ.ಪಿ. ಎಂಬುದು ಹತ್ತು ದಿನದ ರೋಗವಲ್ಲ, ನಾವು ಕೊಟ್ಟದ್ದು ಹತ್ತು ದಿನದ ಮಾತ್ರೆ. ಹನ್ನೊಂದನೆಯ ದಿನ ಅವರು ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಿರಲಿಲ್ಲ. ಜನೌಷಧಿ ಅಂಗಡಿಯಲ್ಲಿ ಒಂದು ಚಹಾದ ದುಡ್ಡಿಗೆ ಸಿಗುವ ಮಾತ್ರೆ ಅದು. ಅವರಿಗೆ ಬೇಕಾಗಿದ್ದದ್ದು ಇನ್ನೊಂದು ಪಟ್ಟಿ ಮಾತ್ರೆಗಿಂತ, ತಿಂಗಳು ತಿಂಗಳು ಹೋಗಬಹುದಾದ ಒಂದು ಬಾಗಿಲು.

ಅಂಥ ಬಾಗಿಲಿನ ಮಾತು ಬಂದಾಗ, ಮಿಷನ್ ವೈದ್ಯಕೀಯ ಸೇವೆಯ ಇತಿಹಾಸದಲ್ಲಿ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಹೆಸರುಗಳನ್ನೆಲ್ಲ ಒಮ್ಮೆ ನೆನೆಯಿರಿ. ಇಸಾಬೆಲ್ ಕೆರ್ ಎಂಬ ಸ್ಕಾಟ್ಲೆಂಡಿನ ವೈದ್ಯೆ, ವೆಸ್ಲಿಯನ್ ಮಿಷನ್ನಿನ ತಮ್ಮ ಪತಿ ಜಾರ್ಜ್ ಕೆರ್ ಜೊತೆ 1907ರಲ್ಲಿ ನಿಜಾಮರ ರಾಜ್ಯಕ್ಕೆ ಬಂದರು. ನಿಜಾಮಾಬಾದ್ ಸೀಮೆಯಲ್ಲಿ ಊರಿನವರೂ ಮನೆಯವರೂ ಹೊರಗೆ ಹಾಕಿದ ಕುಷ್ಠರೋಗಿಗಳನ್ನು ಕಂಡರು. 1915ರಲ್ಲಿ ಡಿಚ್‌ಪಲ್ಲಿಯಲ್ಲಿ ಅವರಿಗಾಗಿಯೇ ಆಸ್ಪತ್ರೆ ತೆರೆಯಿತು. ಅದಕ್ಕೆ ದೊಡ್ಡ ಮೊತ್ತ ಕೊಟ್ಟವರಲ್ಲಿ ಆ ಭಾಗದ ಹಿಂದೂ ಧನಿಕರಾದ ನರಸಾಗೌಡರೂ ಇದ್ದರು. ಆಗಿನ ಚಿಕಿತ್ಸೆ ಎಂದರೆ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಹಿಡ್ನೋಕಾರ್ಪಸ್ ಮರದ ಬೀಜದ ಎಣ್ಣೆ. ಅದನ್ನು ಸೂಜಿಯಲ್ಲಿ ಮತ್ತೆ ಮತ್ತೆ, ಬಹಳ ಕಾಲ ಕೊಡಬೇಕಿತ್ತು. ಚುಚ್ಚಿದ ಜಾಗ ಬಾತುಕೊಂಡು ನೋಯುತ್ತಿತ್ತು. ಆದರೂ ರೋಗಿಗಳು ಬಂದರು, ಉಳಿದರು. ವೈದ್ಯೆಯೂ ಉಳಿದರು. 1932ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕೆಲಸ ಬಿಡಲಿಲ್ಲ.

ನಮ್ಮ ಕಡೆಯೂ ಹೀಗೆಯೇ. ಮಂಗಳೂರಿನಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಔಷಧ ಕೊಡಲು ಶುರುಮಾಡಿದರು. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ತೆರೆಯಿತು. ಉಡುಪಿಯಲ್ಲಿ ಬಾಸೆಲ್ ಮಿಷನ್ನಿನ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆ ಆರಂಭಿಸಿದರು. ಬೀದರಿನ ಮೆಥೋಡಿಸ್ಟ್ ಮಿಷನ್ ಆಸ್ಪತ್ರೆಯನ್ನು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಫಲಕಗಳ ಮೇಲೆ ಸಂಸ್ಥಾಪಕರ ಹೆಸರುಗಳಿವೆ. ಆದರೆ ಆ ಆಸ್ಪತ್ರೆಗಳನ್ನು ರಾತ್ರಿ ಹಗಲು ನಡೆಸಿದವರು ಇದೇ ನೆಲದ ನರ್ಸುಗಳು, ಕಾಂಪೌಂಡರುಗಳು, ಸೂಲಗಿತ್ತಿಯರು, ಆಯಾಗಳು. ಊರಿನವರು ಬಾವಿಯ ಹತ್ತಿರ ಬಿಟ್ಟುಕೊಳ್ಳದ ಮನೆಗಳಿಂದ ಬಂದ ಎಷ್ಟೋ ಹೆಣ್ಣುಮಕ್ಕಳು ಆ ಆಸ್ಪತ್ರೆಗಳಲ್ಲಿ ಬಿಳಿ ಸೀರೆ ಉಟ್ಟು ಅದೇ ಊರಿನವರ ಮನೆಯ ಹೆಂಗಸರಿಗೆ ಹೆರಿಗೆ ಮಾಡಿಸಿದರು. ಅವರೆಲ್ಲರ ಬಲವೆಂದರೆ ಅವರು ಅಲ್ಲೇ ಇದ್ದರು. ರೋಗಿ ಬಂದ ದಿನ ಇದ್ದರು, ವಾರ ಬಿಟ್ಟು ಬಂದಾಗಲೂ ಇದ್ದರು.

ನಿಮಗೆ ಹಾಗೆ ಇರಲು ಆಗುವುದಿಲ್ಲ ಎಂಬುದು ನನಗೆ ಗೊತ್ತು. ನಿಮಗೆ ಕೆಲಸವಿದೆ, ಕಾಲೇಜಿದೆ, ಮನೆಯಿದೆ. ಸಂತೋಷದ ಸಂಗತಿಯೆಂದರೆ, ಹಾಗೆ ಇಲ್ಲೇ ಇರುವ ಜನ ಈಗ ಇದ್ದಾರೆ. 2018ರಿಂದ ಹೈದರಾಬಾದಿನ ಬಸ್ತಿಗಳಲ್ಲಿ ಸರ್ಕಾರದ ಬಸ್ತಿ ದವಾಖಾನಗಳು ತೆರೆದಿವೆ. ವೈದ್ಯರು, ನರ್ಸು ಅಲ್ಲಿದ್ದಾರೆ, ಔಷಧ ಉಚಿತ. ರಕ್ತದ ಮಾದರಿಯನ್ನೂ ಅಲ್ಲೇ ತೆಗೆದುಕೊಂಡು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಆಶಾ ಕಾರ್ಯಕರ್ತೆಯರಿದ್ದಾರೆ. ಎರ್ರಗಡ್ಡದ ಎದೆರೋಗ ಆಸ್ಪತ್ರೆ, ನಲ್ಲಕುಂಟದ ಫೀವರ್ ಆಸ್ಪತ್ರೆ, ಮಕ್ಕಳಿಗೆ ನಿಲೋಫರ್, ಎಲ್ಲಕ್ಕೂ ಗಾಂಧಿ ಮತ್ತು ಉಸ್ಮಾನಿಯಾ ಇವೆ. ಹಾಗಿದ್ದರೂ ನಮ್ಮ ಶೆಡ್ಡಿನವರು ಅಲ್ಲಿಗೆ ಹೋಗುವುದಿಲ್ಲ. ದವಾಖಾನ ತೆರೆದಿರುವುದು ಹೆಚ್ಚಾಗಿ ಕೂಲಿಯ ಹೊತ್ತಿನಲ್ಲೇ. ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು. ಭಾಷೆ ಬರದು. ನಮ್ಮ ಕಾರ್ಡು ಕರ್ನಾಟಕದ್ದು, ಇಲ್ಲಿ ನಡೆಯದು ಎಂಬ ಅಂಜಿಕೆ ಬೇರೆ. ಆದ್ದರಿಂದ ರಾತ್ರಿ ತೆರೆದಿರುವ, ವೈದ್ಯ ಪದವಿಯಿಲ್ಲದ ಆರ್‌ಎಂಪಿಯ ಬಳಿ ಹೋಗಿ "ಸೂಜಿ ಮಾಡ್ರಿ, ಸಲೈನ್ ಹಚ್ರಿ" ಎಂದು ದುಡ್ಡು ಸುರಿದು ಬರುತ್ತಾರೆ.

ಇಲ್ಲಿಯೇ ನಿಮ್ಮ ಸ್ಥಾನ. ನೀವು ಬರುವುದು ಭಾನುವಾರ, ಕೂಲಿ ಇಲ್ಲದ ಹೊತ್ತಿನಲ್ಲಿ. ನೀವು ಆಡುವುದು ಅವರ ಮಾತು. ನೀವು ಬರುವುದು ಅವರದೇ ಜಿಲ್ಲೆಗಳಿಂದ, ಅವರು ಹಬ್ಬಕ್ಕೆ ವಾಪಸ್ ಹೋಗುವ ಊರುಗಳ ಪಕ್ಕದಿಂದ. ಹೈದರಾಬಾದಿನ ತುದಿ ನಾವು ಹಿಡಿಯುತ್ತೇವೆ, ಊರಿನ ತುದಿ ನೀವು ಹಿಡಿಯಿರಿ. ವಿದೇಶದಿಂದ ಬರುವ ತಂಡಕ್ಕಾಗಲಿ, ಇಲ್ಲಿನ ದೊಡ್ಡ ಆಸ್ಪತ್ರೆಯ ಶಿಬಿರಕ್ಕಾಗಲಿ ಇದು ಸಾಧ್ಯವಿಲ್ಲ. ನಿಮಗೆ ಸಾಧ್ಯ.

ಸಾಧ್ಯ ಎಂದು ಕಣ್ಣಾರೆ ಕಂಡೇ ಹೇಳುತ್ತಿದ್ದೇನೆ. ಒಂದು ಶಿಬಿರಕ್ಕೆ ಸೆಂಟ್ರಿಂಗ್ ಕೆಲಸದ ಒಬ್ಬ ಯುವಕ ಬಂದ. ತೋರುಬೆರಳು ನಡುಬೆರಳಿನ ಸಂದಿಯಲ್ಲಿ ಸುಟ್ಟ ಗಾಯ. ಮುಲಾಮು ಹಚ್ಚಿ ಪಟ್ಟಿ ಕಟ್ಟಿ ಕಳಿಸುವುದೇ ಸಾಲು ಉದ್ದ ಇದ್ದಾಗಿನ ರೂಢಿ. ಆದರೆ ಕಲಬುರಗಿಯಿಂದ ಬಂದಿದ್ದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಹೇಗಾಯಿತು ಎಂದು ಕೇಳಿದಳು. "ಬೀಡಿ ಸುಟ್ಟದ್ರಿ." "ಸುಡೂತನ ಬಿಟ್ಟಿದ್ದೇನು? ಉರೀಲಿಲ್ಲಾ?" "ಇಲ್ರಿ ಅಕ್ಕಾ, ಗೊತ್ತೇ ಆಗ್ಲಿಲ್ಲ. ವಾಸನೀ ಬಂದ ಮ್ಯಾಲೆ ನೋಡಿದೆ." ಹುಡುಗಿ ಎದ್ದು ವೈದ್ಯರನ್ನು ಕರೆದಳು. ಅವನ ಕಣ್ಣು ಮುಚ್ಚಿಸಿ ಬಾಲ್‌ಪೆನ್ನಿನ ತುದಿಯಿಂದ ಕೈಯ ಅಲ್ಲಲ್ಲಿ ಮುಟ್ಟಿ, ಮುಟ್ಟಿದ ಜಾಗ ತೋರಿಸು ಎಂದರು. ಸುಟ್ಟ ಬೆರಳುಗಳ ಬದಿ ಪೂರಾ ಅವನು ಸುಮ್ಮನಿದ್ದ. ಬೆನ್ನ ಮೇಲೆ, ತೊಡೆಯ ಮೇಲೆ ಮಾಸಿದ ಮಚ್ಚೆಗಳಿದ್ದವು. ಆ ಮಚ್ಚೆಗಳು ತುರಿಸುತ್ತಿರಲಿಲ್ಲ, ಆದ್ದರಿಂದ ಅವನು ಯಾರಿಗೂ ತೋರಿಸಿರಲಿಲ್ಲ.

ಸೋಮವಾರ ನಮ್ಮ ಸಭೆಯ ಒಬ್ಬರು ಅವನ ಜೊತೆ ಸರ್ಕಾರಿ ಆಸ್ಪತ್ರೆಗೆ ಹೋದರು. ಕುಷ್ಠರೋಗವೆಂದು ಖಚಿತವಾಯಿತು. ಡಿಚ್‌ಪಲ್ಲಿಯ ಎಣ್ಣೆಯ ಕಾಲ ಈಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆ ನಮ್ಮ ದೇಶದಲ್ಲಿ ಪೂರ್ತಿ ಉಚಿತ. ರೋಗ ಕಡಿಮೆಯಿದ್ದರೆ ಆರು ತಿಂಗಳು, ಹೆಚ್ಚಿದ್ದರೆ ಹನ್ನೆರಡು ತಿಂಗಳು. ಚಿಕಿತ್ಸೆ ಶುರುವಾದ ಸ್ವಲ್ಪ ದಿನದಲ್ಲೇ ರೋಗ ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. ಅವನದು ಹನ್ನೆರಡು ತಿಂಗಳ ಚಿಕಿತ್ಸೆ. ನಡುವೆ ತೊಗರಿ ರಾಶಿಗೆ ಊರಿಗೆ ಹೊರಟ. ಆಗ ಆ ವಿದ್ಯಾರ್ಥಿನಿ ಅವನ ಊರಿನ ಆಶಾ ಕಾರ್ಯಕರ್ತೆಯ ನಂಬರ್ ಹುಡುಕಿ ಮಾತಾಡಿದಳು. ಮಾತ್ರೆ ತಪ್ಪಲಿಲ್ಲ. ಆ ಶಿಬಿರದಲ್ಲಿ ಆದ ಅತಿ ದೊಡ್ಡ ಕೆಲಸ ಇದು ಎಂದು ನಾನು ಇಂದಿಗೂ ನಂಬಿದ್ದೇನೆ. ಅದಕ್ಕೆ ತಗುಲಿದ್ದು ಒಂದು ಪ್ರಶ್ನೆ, ಒಂದು ಪೆನ್ನು, ಕೆಲವು ಫೋನ್ ಕರೆಗಳು.

ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ನಾವೆಲ್ಲ ಭಾನುವಾರ ಶಾಲೆಯಿಂದಲೇ ಬಲ್ಲೆವು. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ್ದನ್ನೇ ಬೋಧಕರು ವಿವರವಾಗಿ ಹೇಳುತ್ತಾರೆ. ಲೂಕನು ಮುಂದೆ ಬರೆದದ್ದನ್ನೂ ನಿಧಾನವಾಗಿ ಓದಿ. ಅವನು ಗಾಯಾಳುವನ್ನು ಚತ್ರಕ್ಕೆ ತಂದ, ಆರೈಕೆ ಮಾಡಿದ. ಮರುದಿನ ಹೊರಡುವ ಮುಂಚೆ ಚತ್ರದವನ ಕೈಗೆ ಹಣ ಕೊಟ್ಟು ರೋಗಿಯನ್ನು ಒಪ್ಪಿಸಿದ, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆಂದು ಮಾತು ಕೊಟ್ಟ. ಅವನೂ ಪ್ರಯಾಣಿಕ, ಅವನೂ ಅಲ್ಲೇ ನಿಲ್ಲಲಿಲ್ಲ. ಆದರೆ ಗಾಯಾಳುವನ್ನು ಒಬ್ಬರ ಕೈಗೆ ಒಪ್ಪಿಸದೆ ಹೋಗಲಿಲ್ಲ. ನಮಗೂ ಅದೇ ಕ್ರಮ ಸಾಕು.

ಆ ಕ್ರಮ ಹೇಗೆ ನಡೆಯಬೇಕೆಂದು ಒಂದೊಂದಾಗಿ ಹೇಳುತ್ತೇನೆ.

ಬರುವ ಮುಂಚೆ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಗೆ ತಿಳಿಸಿ. ಆ ಬಸ್ತಿಯ ದವಾಖಾನದ ವೈದ್ಯರನ್ನೂ ಆಶಾ ಕಾರ್ಯಕರ್ತೆಯನ್ನೂ ಮೊದಲೇ ಕಂಡು ಮಾತಾಡಿ, ಶಿಬಿರದ ದಿನ ಆಶಾ ನಿಮ್ಮ ಪಕ್ಕದಲ್ಲೇ ಇರುವಂತೆ ನೋಡಿಕೊಳ್ಳಿ. ಅವರು ಅತಿಥಿಗಳಲ್ಲ, ಮನೆಯವರು, ಅತಿಥಿಗಳು ನಾವು. ಔಷಧದ ಪೆಟ್ಟಿಗೆ ಚಿಕ್ಕದಾಗಿರಲಿ. ದೀರ್ಘಕಾಲದ ರೋಗಕ್ಕೆ ದವಾಖಾನದಲ್ಲಿ ಸಿಗುವ ಔಷಧವನ್ನೇ, ಅದೇ ಹೆಸರಿನಲ್ಲಿ, ಅಲ್ಲಿಗೆ ಹೋಗುವವರೆಗೆ ಸಾಕಾಗುವಷ್ಟು ಮಾತ್ರ ಕೊಡಿ. ಟಾನಿಕ್ ಕೇಳಿದರೆಂದು ಟಾನಿಕ್, ಸೂಜಿ ಕೇಳಿದರೆಂದು ಸೂಜಿ ಕೊಡಬೇಡಿ. ವೈದ್ಯರು ವೈದ್ಯರ ಕೆಲಸ ಮಾಡಲಿ, ವಿದ್ಯಾರ್ಥಿಗಳು ವಿದ್ಯಾರ್ಥಿಗಳ ಕೆಲಸ ಮಾಡಲಿ. ಬಡವರ ಹಲ್ಲು ಕೀಳುತ್ತ ಕಲಿಯುವುದು ಸೇವೆಯಲ್ಲ. ವಿದೇಶದಿಂದ ವೈದ್ಯರು ಜೊತೆಗೆ ಬಂದಿದ್ದರೆ, ಇಲ್ಲಿನ ಅನುಮತಿಯಿಲ್ಲದೆ ಅವರು ಚಿಕಿತ್ಸೆ ಕೊಡುವಂತಿಲ್ಲ ಎಂಬುದನ್ನು ಮೊದಲೇ ವಿನಯದಿಂದ ತಿಳಿಸಿ.

ಪ್ರತಿಯೊಬ್ಬರ ಕೈಗೂ ಒಂದು ದಪ್ಪ ಕಾರ್ಡ್ ಕೊಡಿ. ಅದರ ಮೇಲೆ ಬಿ.ಪಿ., ಸಕ್ಕರೆ, ಔಷಧದ ಹೆಸರು, ಮುಂದೆ ಹೋಗಬೇಕಾದ ಜಾಗ ಇವೆಲ್ಲ ಕನ್ನಡದಲ್ಲೂ ತೆಲುಗಿನಲ್ಲೂ ಇರಲಿ. ಓದು ಬಾರದವರ ಕಾರ್ಡನ್ನು ಅವರ ಮಕ್ಕಳೋ ಪಕ್ಕದ ಶೆಡ್ಡಿನವರೋ ಓದುತ್ತಾರೆ. ಗರ್ಭಿಣಿಯಾದರೆ ತಾಯಿ ಕಾರ್ಡ್ ಊರಿನಲ್ಲಿ ಮಾಡಿಸಿದ್ದಾಳೋ ಇಲ್ಲೋ ಕೇಳಿ, ಮಗುವಿಗೆ ಯಾವ ಲಸಿಕೆ ತಪ್ಪಿದೆ ನೋಡಿ. ಎರಡು ವಾರ ಮೀರಿ ಕೆಮ್ಮು ಇದ್ದವರನ್ನು ಸಿರಪ್ ಕೊಟ್ಟು ಕಳಿಸಬೇಡಿ, ಕಫ ಪರೀಕ್ಷೆಗೆ ಕಳಿಸಿ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ, ಉಚಿತ. ಸರ್ಕಾರದ ಕ್ಷಯರೋಗಿಗಳ ನೋಂದಣಿ ವ್ಯವಸ್ಥೆಯಾದ ನಿಕ್ಷಯ್‌ನಲ್ಲಿ ಹೆಸರು ದಾಖಲಾದರೆ ಊರು ಬದಲಾದರೂ ಚಿಕಿತ್ಸೆಯನ್ನು ಅಲ್ಲಿಗೆ ವರ್ಗಾಯಿಸಬಹುದು. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1000ಕ್ಕೆ ಏರಿದೆ. ಅದು ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆ ತೆರೆಸಲು ಬ್ಯಾಂಕಿಗೆ ಜೊತೆಯಲ್ಲಿ ಹೋಗುವುದೂ ವೈದ್ಯಕೀಯ ಸೇವೆಯೇ. ಕರ್ನಾಟಕದ ರೇಷನ್ ಕಾರ್ಡಿನಲ್ಲಿ ಇಲ್ಲಿಯೂ ಧಾನ್ಯ ಪಡೆಯಬಹುದು, ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿ ಇದೆ ಎಂಬ ವಿಷಯಗಳನ್ನೂ ಅವರ ಕಿವಿಗೆ ಹಾಕಿ. ಅರೆಹೊಟ್ಟೆಯಲ್ಲಿ ಯಾವ ಮಾತ್ರೆಯೂ ಕೆಲಸ ಮಾಡದು.

ಶಿಬಿರ ಮುಗಿದ ಮೇಲೆ, ಚಿಕಿತ್ಸೆ ಮುಂದುವರಿಯಬೇಕಾದವರ ಪಟ್ಟಿ ಮಾಡಿ. ತಂಡದ ಒಬ್ಬೊಬ್ಬರೂ ಇಬ್ಬರನ್ನೋ ಮೂವರನ್ನೋ ಹೊತ್ತುಕೊಳ್ಳಿ. ವಾರಕ್ಕೊಂದು ಫೋನ್. ಊರಿಗೆ ಹೊರಟರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ. ಆ ಪಟ್ಟಿ ತಂಡದ ವಾಟ್ಸ್‌ಆಪ್‌ನಲ್ಲಿ ಎಲ್ಲರಿಗೂ ಹಂಚುವಂಥದ್ದಲ್ಲ. ಯಾರ ಹೊಣೆಯೋ ಅವರ ಬಳಿ ಮಾತ್ರ ಇರಲಿ. ಒಬ್ಬರ ರೋಗ ಇನ್ನೊಬ್ಬರ ಸಾಕ್ಷಿಗೆ ವಸ್ತುವಾಗಬಾರದು.

ಚಿತ್ರ ತೆಗೆಯುವ ವಿಷಯವೂ ಇದೇ. ಮಗುವಿನ ಹೊಟ್ಟೆ, ಮುದುಕಿಯ ಹುಣ್ಣು, ಮಾತ್ರೆ ಪಡೆಯಲು ಚಾಚಿದ ಕೈ ಇವನ್ನೆಲ್ಲ ತೆಗೆದು ಸಭೆಯ ಪುಟದಲ್ಲಿ ಹಾಕುವುದನ್ನು ನಿಲ್ಲಿಸಿ. ಕುಷ್ಠರೋಗಿಯನ್ನು ಮುಟ್ಟಿ ಶುದ್ಧ ಮಾಡಿದ ಮೇಲೆ ಕರ್ತನು ಹೇಳಿದ್ದೇನು ಎಂದು ಮಾರ್ಕನ ಮೊದಲ ಅಧ್ಯಾಯದಲ್ಲಿ ನೋಡಿ. ಯಾರಿಗೂ ಹೇಳಬೇಡ, ಹೋಗಿ ಯಾಜಕನಿಗೆ ತೋರಿಸಿಕೋ ಎಂದು ಕಳಿಸಿದನು. ಪ್ರಚಾರ ಬೇಡವೆಂದನು. ಆ ಮನುಷ್ಯ ಮತ್ತೆ ಸಮಾಜದೊಳಗೆ ಸೇರಲು ಯಾರ ಒಪ್ಪಿಗೆ ಬೇಕೋ ಅವರ ಬಳಿಗೆ ಕಳಿಸಿದನು.

ಪ್ರಾರ್ಥನೆಯ ಮಾತನ್ನು ಬಿಚ್ಚುಮನಸ್ಸಿನಿಂದಲೇ ಹೇಳುತ್ತೇನೆ. ನಾನು ಪ್ರಾರ್ಥನೆ ಮಾಡದೆ ಡ್ಯೂಟಿಗೆ ಹೋಗುವವಳಲ್ಲ. ನೀವೂ ಬಸ್ಸಿನಲ್ಲಿ, ಮುಂಜಾನೆ, ರಾತ್ರಿ ಮೊಣಕಾಲೂರಿ ಪ್ರಾರ್ಥಿಸಿ. ಆದರೆ ಔಷಧದ ಸಾಲಿನಲ್ಲಿ ನಿಂತವರ ತಲೆಯ ಮೇಲೆ ಕೈಯಿಟ್ಟು, ಆಮೇಲೆ ಚೀಟಿ ಕೊಡುವ ಕ್ರಮ ಬೇಡ. ಬೇಡ ಎನ್ನಲು ಅವರಿಗೆ ಧೈರ್ಯವಿರುವುದಿಲ್ಲ, ಏಕೆಂದರೆ ಮಾತ್ರೆ ನಮ್ಮ ಕೈಯಲ್ಲಿದೆ. ಅವರಾಗಿ ಕೇಳಿದರೆ, ಮೇಜಿನಿಂದ ದೂರ, ಔಷಧ ಕೊಟ್ಟಾದ ಮೇಲೆ, ಅವರ ಮನೆಯ ಬಾಗಿಲಲ್ಲಿ ಪ್ರಾರ್ಥಿಸಿ. ಮಾತ್ರೆ ನಿಲ್ಲಿಸಿ ದೇವರ ಮೇಲೆ ಭಾರ ಹಾಕಿ ಎಂದು ತಂಡದ ಯಾರೊಬ್ಬರೂ ಬಾಯಿ ತಪ್ಪಿಯೂ ಹೇಳಬಾರದು. ಕ್ಷಯದ ರೋಗಿಗೂ ಫಿಟ್ಸ್ ಇರುವವರಿಗೂ ಅದು ಜೀವಕ್ಕೇ ಕುತ್ತು. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದಾಗ ತಿರುಗಿ ಬಂದವನು ಒಬ್ಬನೇ. ಮಿಕ್ಕ ಒಂಬತ್ತು ಮಂದಿಯಿಂದ ಕರ್ತನು ಗುಣವನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಷರತ್ತಿಲ್ಲದೆ ಕೊಡುವುದು ನಮ್ಮ ನಂಬಿಕೆಯ ಕೊರತೆಯಲ್ಲ, ನಮ್ಮ ನಂಬಿಕೆ ಇರುವುದೇ ಹಾಗೆ. ದೇಶದಲ್ಲಿ ಇಂದು ನಮ್ಮ ಸೇವೆಯನ್ನು ಅನುಮಾನದಿಂದ ನೋಡುವ ಕಣ್ಣುಗಳು ಹೆಚ್ಚಾಗಿವೆ ಎಂಬುದು ನಿಜ. ಅದಕ್ಕೆ ಹೆದರಿ ಹೀಗೆ ಹೇಳುತ್ತಿಲ್ಲ. ಹೆದರಿಕೆ ಇಲ್ಲದ ಕಾಲದಲ್ಲೂ ಇದೇ ಸರಿಯಾದ ದಾರಿಯಾಗಿತ್ತು.

ಸಭೆಗಳ ಪಾಲಕರಿಗೂ ಕಮಿಟಿಯ ಹಿರಿಯರಿಗೂ ಒಂದು ಬಿನ್ನಹ. ಬ್ಯಾನರು, ಟೀ ಶರ್ಟು, ಶಾಮಿಯಾನ, ಊಟದ ಪೊಟ್ಟಣಗಳಿಗೆ ಹೋಗುವ ದುಡ್ಡಿನಲ್ಲಿ ಒಂದು ಪಾಲನ್ನು ತೆಗೆದಿಡಿ. ದವಾಖಾನಕ್ಕೆ ಹೋದ ದಿನದ ಕೂಲಿ ತುಂಬಿಕೊಡಲು, ಗಾಂಧಿ ಆಸ್ಪತ್ರೆಗೆ ಆಟೋ ಬಾಡಿಗೆ ಕೊಡಲು, ರೋಗಿಯ ಜೊತೆ ಹೋಗುವ ಒಬ್ಬರಿಗೆ ಗೌರವಧನ ಕೊಡಲು ಅದು ಬಳಕೆಯಾಗಲಿ. ಪ್ರತಿ ವರ್ಷ ಹೊಸ ಬಸ್ತಿ ಹುಡುಕಬೇಡಿ. ಒಂದೇ ಬಸ್ತಿಯನ್ನು ನಿಮ್ಮದೆಂದು ಒಪ್ಪಿಕೊಳ್ಳಿ. ವರದಿ ಕೇಳುವಾಗ ಎಷ್ಟು ಜನರನ್ನು ನೋಡಿದಿರಿ ಎಂದು ಕೇಳುವ ಬದಲು, ಹೋದ ಸಲ ಒಪ್ಪಿಸಿ ಬಂದವರು ಹೇಗಿದ್ದಾರೆ ಎಂದು ಕೇಳಿ. ಆ ಒಂದು ಪ್ರಶ್ನೆ ಇಡೀ ತಂಡದ ನಡೆಯನ್ನೇ ತಿದ್ದುತ್ತದೆ.

ಬನ್ನಿ, ಖಂಡಿತ ಬನ್ನಿ. ನಮ್ಮ ಮನೆಯ ಬಾಗಿಲು ತೆರೆದಿದೆ, ಮಲಗಲು ಜಾಗವಿದೆ, ಜೋಳದ ರೊಟ್ಟಿಗೆ ಕೊರತೆಯಿಲ್ಲ. ಬರುವ ಮೊದಲು ನಿಮ್ಮ ಜಿಲ್ಲೆಯ ಆಶಾ ಕಾರ್ಯಕರ್ತೆಯರ, ಆರೋಗ್ಯ ಕೇಂದ್ರಗಳ ನಂಬರುಗಳನ್ನು ಬರೆದುಕೊಂಡು ಬನ್ನಿ. ಇಲ್ಲಿನ ದವಾಖಾನಗಳ ವಿವರ ನಾನು ಸಿದ್ಧ ಮಾಡಿಟ್ಟಿರುತ್ತೇನೆ. ಮೊದಲ ದಿನ ಹೊಸ ಮೇಜು ಹಾಕುವ ಮುಂಚೆ ಹಳೆಯ ಪಟ್ಟಿ ಹಿಡಿದು ಶೆಡ್ಡಿನಿಂದ ಶೆಡ್ಡಿಗೆ ಹೋಗೋಣ. ಯಾರ ಮಾತ್ರೆ ನಿಂತಿದೆಯೋ ಅವರ ಕೆಲಸ ಮೊದಲು ಮುಗಿಸೋಣ, ಹೊಸಬರನ್ನು ಆಮೇಲೆ ನೋಡೋಣ.

ಕ್ರಿಸ್ತನ ಸೇವೆಯಲ್ಲಿ ನಿಮ್ಮ ಸಹೋದರಿ,
ಹೈದರಾಬಾದಿನಲ್ಲಿರುವ ಬೀದರಿನ ಒಬ್ಬ ನರ್ಸ್